ಹೀರೋನ ಬೇಡ ಅಂದವಳು

ಗೋಪಾಳದ ಸತ್ಯಭಾಮಾಗೆ ಎರಡು ಹೆಸರು. ಒಂದು ಅಜ್ಜಿಯಿಂದ ಬಂದದ್ದು. ಇನ್ನೊಂದನ್ನು ಊರು ಪುಕ್ಕಟೆಯಾಗಿ ಕೊಟ್ಟಿತ್ತು: ಹೀರೋನ ಬೇಡ ಅಂದವಳು. ಶಂಕರಘಟ್ಟದ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅವಳಿಗೆ ಒಳ್ಳೆಯ ಕೆಲಸವಿತ್ತು, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವ ವಿಷ್ಣುಪ್ರಸಾದನಂಥ ಪಾಪದ ಗಂಡನಿದ್ದ. ಆದರೆ ಅದನ್ನೆಲ್ಲ ಯಾರು ಕೇಳುತ್ತಾರೆ? ಯಾವ ಮದುವೆ ಮನೆಗೆ ಹೋದರೂ ಪಂಕ್ತಿಗೆ ಪಾಯಸ ಬರುವಷ್ಟರಲ್ಲಿ ಯಾರಾದರೊಬ್ಬರು ಪಕ್ಕದವರ ಕಿವಿಗೆ ಬಾಯಿ ಹಚ್ಚಿರುತ್ತಿದ್ದರು.

"ಸಿನಿಮಾದ ಆಕರ್ಷ ಗೊತ್ತಲ್ಲ? ಅವನನ್ನ ಬೇಡ ಅಂದಿದ್ಲಲ್ಲ, ಅವಳೇ ಇವಳು."

"ಅಯ್ಯೋ, ಅದೃಷ್ಟ ಮನೆಗೇ ಬಂದು ಕಾಲಿಂಗ್ ಬೆಲ್ ಒತ್ತಿದ್ರೆ ಬಾಗಿಲು ಹಾಕ್ಕೊಂಡ್ಲಲ್ಲ ಮಾರಾಯ್ತಿ!"

ಆಕರ್ಷ ಎನ್ನುವುದು ತೆರೆಯ ಹೆಸರು. ಭದ್ರಾವತಿಯಲ್ಲಿ ಅವನು ಜನಾರ್ದನ, ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಗಳ ಒಬ್ಬನೇ ಮಗ. ಬೆಂಗಳೂರಿಗೆ ಹೋದ ಹೊಸತರಲ್ಲಿ ಧಾರಾವಾಹಿಗಳಲ್ಲಿ ಯಾರ್ಯಾರದೋ ತಮ್ಮನಾಗಿ ಬಾಗಿಲ ಪಕ್ಕ ನಿಂತ. ಒಂದು ಸಿನಿಮಾದಲ್ಲಿ ಹೆಣವಾಗಿ ಮಲಗಿದ. ಉಸಿರಿಗೆ ಹೆಣದ ಹೊಟ್ಟೆ ಆಡಿದ್ದನ್ನು ಕಂಡುಹಿಡಿದವರು ಭದ್ರಾವತಿಯವರೇ. ಆಮೇಲೆ ಬಸ್ ಕಂಡಕ್ಟರನ ಪಾತ್ರವೊಂದು ಸಿಕ್ಕಿತು. ಚಿಲ್ಲರೆ ಕೊಡದೆ ಜನರನ್ನು ನಗಿಸಿ ಇಳಿಸುತ್ತಿದ್ದ ಆ ಕಂಡಕ್ಟರನಿಗೆ ಇಡೀ ರಾಜ್ಯವೇ ಮರುಳಾಯಿತು. ಮುಂದೆ ಹನ್ನೊಂದು ಸಿನಿಮಾ ಮಾಡಿದ. ಭದ್ರಾವತಿಯ ರಂಗಪ್ಪ ಸರ್ಕಲ್ಲಿನಲ್ಲಿ ಅವನ ಕಟೌಟು ನಿಂತಾಗ, ಅವನಿಗೆ ಒಮ್ಮೆಯೂ ಟೀ ಕುಡಿಸದವರೆಲ್ಲ 'ನಮ್ಮ ಹುಡುಗ' ಎಂದು ಎದೆ ತಟ್ಟಿಕೊಂಡರು.

ಹೋದ ವರ್ಷ ಅವನಿಗೆ ಡೆಂಗ್ಯೂ ಬಂತು. ಆರೇ ದಿನದ ಜ್ವರ. ಮೂವತ್ತಾರು ವಯಸ್ಸಿಗೆ ಹೋಗಿಬಿಟ್ಟ.

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ. ಅಲ್ಲಿಯವರೆಗೆ 'ಅದೃಷ್ಟ ಒದ್ದವಳು' ಎಂದವರೇ ಮಾರನೆಯ ದಿನದಿಂದ 'ಪುಣ್ಯಾತ್ಗಿತ್ತಿ, ಬಚಾವಾದ್ಲು' ಎನ್ನತೊಡಗಿದರು. ಸತ್ಯಭಾಮಾಗೆ ಮೊದಲನೆಯದಕ್ಕಿಂತ ಎರಡನೆಯ ಮಾತಿಗೇ ಹೆಚ್ಚು ಮೈ ಉರಿಯಿತು. ಅದರ ಮೇಲೆ ಅವನ ತಾಯಿ ಸೀತಮ್ಮ ಬಂದವರೆದುರಿಗೆಲ್ಲ ಹೇಳಿದ ಮಾತು ಬೇರೆ: "ಆ ಹುಡುಗಿ ಹೂಂ ಅಂದಿದ್ರೆ ನನ್ನ ಮಗ ಊರಲ್ಲೇ ಇರ್ತಿದ್ದ, ಬದುಕಿರ್ತಿದ್ದ. ಅವಳೇ ಅವನನ್ನ ತಿಂದ್ಲು." ಭದ್ರಾವತಿಯಲ್ಲಿ ಹೊರಟ ಆ ಮಾತು ಬಸ್ಸಿಗಿಂತ ಮೊದಲೇ ಗೋಪಾಳ ತಲುಪಿತು.

ಸತ್ಯಭಾಮಾ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಒಂದೇ ಮಾತಿನಲ್ಲಿ ಅಪವಾದ ತೊಳೆದುಹೋಗುತ್ತಿತ್ತು. ಆದರೆ ಸತ್ತವನಿಗೆ ಅವಳು ಭಾಷೆ ಕೊಟ್ಟಿದ್ದಳು. ಅವನಿಗಾಗಿ ಅಳಲೂ ಇಲ್ಲ. ಅಳುವುದಕ್ಕೂ ಒಂದು ಸಂಬಂಧ ಬೇಕಲ್ಲ, ಅವನು ತನಗೆ ಏನಾಗಬೇಕೆಂದು ಹೇಳಿ ಅಳುವುದು? ಅವನು ಹೋದ ದಿನವೂ ಲೈಬ್ರರಿಗೆ ಹೋಗಿ, ಹೊಸದಾಗಿ ಬಂದ ಪುಸ್ತಕಗಳಿಗೆ ನಂಬರ್ ಅಂಟಿಸುತ್ತ ಕೂತಿದ್ದಳು.

ಭಾಷೆ ಕೊಟ್ಟ ಕತೆ ಹನ್ನೆರಡು ವರ್ಷ ಹಳೆಯದು. ಜನಾರ್ದನನಿಗೆ ನಾಟಕದ ಹುಚ್ಚು. ಮದುವೆ ಮಾಡಿ, ಸಹಕಾರ ಸಂಘದ ಗುಮಾಸ್ತಿಕೆಗೆ ಕೂರಿಸಿದರೆ ಬಿಡುತ್ತದೆಂದು ಮೇಷ್ಟ್ರ ಲೆಕ್ಕ. ಹಾಗೆ ಹೆಣ್ಣು ನೋಡಲು ಸತ್ಯಭಾಮಾಳ ತವರಿಗೆ ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗ ನಾಚಿಕೆಯಿಲ್ಲದೆ ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಂಡ. ಸತ್ಯಭಾಮಾಗೆ ಅವನು ಹಿಡಿಸಿದ್ದು ಆಗಲೇ. ನಂತರ ಹಿರಿಯರು ಶಾಸ್ತ್ರದಂತೆ, "ಹುಡುಗ ಹುಡುಗಿ ಒಂದೈದು ನಿಮಿಷ ಮಾತಾಡ್ಲಿ" ಎಂದು ಇಬ್ಬರನ್ನೂ ತಾರಸಿಗೆ ಅಟ್ಟಿದರು.

ತಾರಸಿಯಲ್ಲಿ ಒಣಹಾಕಿದ್ದ ಸಂಡಿಗೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಅವನು ಹೇಳಿದ:

"ರೀ, ಒಂದು ಉಪಕಾರ ಮಾಡ್ತೀರಾ? ನನ್ನನ್ನ ಬೇಡ ಅಂದುಬಿಡಿ."

ಸತ್ಯಭಾಮಾ ಕಣ್ಣು ಪಿಳಿಪಿಳಿ ಬಿಟ್ಟಳು. "ನಿಮಗೆ ಬೇಡದಿದ್ರೆ ನೀವೇ ಹೇಳಿ."

"ನಾನು ಹೇಳಿದ್ರೆ ಮುಂದಿನ ಭಾನುವಾರ ಇನ್ನೊಂದು ಮನೆ ಉಪ್ಪಿಟ್ಟು. ಅಪ್ಪನ ಹತ್ರ ಒಂಬತ್ತು ಜಾತಕ ಇದೆ. ಹುಡುಗಿಯೇ ಬೇಡ ಅಂದ್ಲು ಅಂದ್ರೆ ಮಾತ್ರ ಅವರಿಗೆ ಅವಮಾನ ಆಗುತ್ತೆ. ಒಂದು ವರ್ಷ ಜಾತಕ ಮುಟ್ಟಲ್ಲ. ನಂಗೆ ಆ ಒಂದು ವರ್ಷ ಸಾಕು. ಮದುವೆ ಆಗೋ ತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ ಅಂತಾರಲ್ಲ, ನಂಗೆ ಹುಚ್ಚೇ ಇರ್ಲಿ."

ಆಮೇಲೆ, ಕೆಳಗೆ ಕೂತಿದ್ದ ಅವಳ ಸೋದರಮಾವ ಕಾಫಿ ಸೊರ್ರೆಂದು ಹೀರಿ, ಮೀಸೆ ಒರೆಸಿ, "ಹುಡುಗನಿಗೆ ಪ್ರಮೋಷನ್ ಉಂಟಾ?" ಎಂದದ್ದನ್ನು ಥೇಟ್ ಹಾಗೆಯೇ ಮಾಡಿ ತೋರಿಸಿದ. ಸತ್ಯಭಾಮಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಇಷ್ಟವಾದ ಹುಡುಗನನ್ನು ಇಷ್ಟವಾದ ಐದೇ ನಿಮಿಷಕ್ಕೆ ಬೇಡವೆನ್ನಬೇಕಾದ ಕರ್ಮ ಬೇರೆ ಯಾರಿಗೂ ಬೇಡ.

"ಏನು ಕಾರಣ ಹೇಳ್ಲಿ?" ಎಂದಳು.

"ಸ್ಥಿರ ಬುದ್ಧಿ ಇಲ್ಲ ಅನ್ನಿ. ಅಪ್ಪ ತಕ್ಷಣ ನಂಬ್ತಾರೆ. ಆದ್ರೆ ನಮ್ಮಮ್ಮಂಗೆ ಮಾತ್ರ ಇದು ಯಾವತ್ತೂ ಗೊತ್ತಾಗ್ಬಾರ್ದು. ಸೊಸೆ ಸಿಕ್ಕಿದ್ಲು ಅಂತ ಆಗ್ಲೇ ಬೀದಿಗೆಲ್ಲ ಹೇಳಿ ಬಂದಿದಾರೆ."

"ಆಯ್ತು, ಹೇಳಲ್ಲ" ಎಂದಳು ಸತ್ಯಭಾಮಾ. ಹೇಳಲೂ ಇಲ್ಲ. ಗಂಡನ್ನು ಒಲ್ಲೆನೆಂದ ಜಂಬಗಾತಿ ಎಂದು ಸುದ್ದಿ ಹಬ್ಬಿ, ಅವಳ ಮದುವೆಗೆ ಆಮೇಲೆ ನಾಲ್ಕು ವರ್ಷ ಹಿಡಿಯಿತು. ಆಗಲೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ.

ಈಗ, ಜನಾರ್ದನನ ವರ್ಷದ ಕರ್ಮ ಮುಗಿದ ಮೂರನೆಯ ದಿನ, ಭಾನುವಾರ ಬೆಳಿಗ್ಗೆ ಅವಳ ಮನೆಯ ಬಾಗಿಲಲ್ಲಿ ಸೀತಮ್ಮ ಬಂದು ನಿಂತಿದ್ದರು. ಭದ್ರಾವತಿಯಿಂದ ಬಸ್ಸು, ಬಸ್‌ಸ್ಟ್ಯಾಂಡಿನಿಂದ ಆಟೋ, ಒಬ್ಬರೇ. ಬಾಗಿಲು ತೆಗೆದ ವಿಷ್ಣುಪ್ರಸಾದ, ಟೀವಿಯಲ್ಲಿ ನೋಡಿದ್ದ ಅವರನ್ನು ಗುರುತಿಸಿ, ಒಮ್ಮೆ ಹೆಂಡತಿಯ ಮುಖ ನೋಡಿದ. "ನಾನು ಕಾಫಿ ಮಾಡ್ತೀನಿ" ಎಂದು ಅಡುಗೆಮನೆ ಸೇರಿಕೊಂಡ.

ಸೀತಮ್ಮ ಕುರ್ಚಿಯ ಅಂಚಿನಲ್ಲಿ ಕೂತರು. ಪೀಠಿಕೆ ಹಾಕುವ ಜಾಯಮಾನ ಅವರದಲ್ಲ.

"ನಿನ್ನ ಬಗ್ಗೆ ಊರೆಲ್ಲ ಆಡ್ಕೊಂಡು ಬಂದಿದೀನಿ. ನಿಂಗೂ ಗೊತ್ತಿರುತ್ತೆ. ಇನ್ನು ಆಡಲ್ಲ. ಆದ್ರೆ ಒಂದು ಮಾತು ಕೇಳಿ ಹೋಗ್ಬೇಕು ಅಂತ ಬಂದೆ. ನನ್ನ ಮಗನಲ್ಲಿ ನೀನು ಏನು ಕೊರತೆ ಕಂಡೆ?"

ಸತ್ಯಭಾಮಾ ಅದೇ ಹಳೆಯ ಕಾರಣ ಒಪ್ಪಿಸಿದಳು. "ಆಗ ಹೇಳಿದ್ದೆನಲ್ಲಮ್ಮ, ಸ್ಥಿರ ಬುದ್ಧಿ..."

"ಐದು ನಿಮಿಷದಲ್ಲಿ ಬುದ್ಧಿ ಅಳೆದ್ಯಾ? ಸುಳ್ಳು ಬೇಡ. ಎತ್ತರ ಸಾಲ್ದಾಯ್ತಾ?"

"ಇಲ್ಲಮ್ಮ, ಎತ್ತರ ಇದ್ರಲ್ಲ."

"ಬಣ್ಣ?"

"ಛೆ ಛೆ."

"ಹಾಗಾದ್ರೆ ನಾನಾ? ಈ ಅತ್ತೆ ಘಾಟಿ ಅನ್ನಿಸ್ತಾ? ಅನ್ನಿಸಿದ್ರೆ ಹೇಳಿಬಿಡು, ನಾನೇನೂ ಅಂದ್ಕೊಳಲ್ಲ." ಹೀಗೆಂದು ಅವರು ಘಾಟಿ ಅತ್ತೆಯಂತೆಯೇ ಕಣ್ಣು ಅರಳಿಸಿದರು. ಆಮೇಲೆ ಅವರ ದನಿ ತಗ್ಗಿತು. "ನೀನು ಬೇಡ ಅಂದ್ಮೇಲೆ ಅವನು ಎಂಟು ದಿನ ಹಾಸಿಗೆಯಿಂದ ಏಳಲಿಲ್ಲ ಕಣೇ. ಗೋಡೆ ಕಡೆ ಮುಖ ಮಾಡಿ ಮಲಗಿದವನು ಒಂದು ತುತ್ತು ಅನ್ನ ಮುಟ್ಟಲಿಲ್ಲ. 'ಅಮ್ಮಾ, ನಾನು ಯಾರಿಗೂ ಬೇಡವಾದೆ' ಅಂತ ನರಳ್ತಿದ್ದ. ಒಂಬತ್ತನೇ ದಿನ ಅವರಪ್ಪನೇ, 'ಬೆಂಗಳೂರಿಗಾದ್ರೂ ಹೋಗಿ ಬಾರೋ, ಮನಸ್ಸು ಹಗುರ ಆಗುತ್ತೆ' ಅಂತ ಬಸ್ ಹತ್ತಿಸಿ ಬಂದ್ರು."

ಸತ್ಯಭಾಮಾ ಕೇಳುತ್ತ ಕೇಳುತ್ತ ಬೆಪ್ಪಾದಳು. ಎಂಟು ದಿನ! ಗೋಡೆ ಕಡೆ ಮುಖ! ಇದು ತಾರಸಿಯ ಮಾತಿನಲ್ಲಿ ಇರಲೇ ಇಲ್ಲ. ಭೂಪ, ಇದನ್ನು ತಾನೇ ಸೇರಿಸಿಕೊಂಡಿದ್ದ. ವಿರಹಿಯಂತೆ ಮಲಗಿ, ಅಪ್ಪನ ಕೈಯಿಂದಲೇ ಬೆಂಗಳೂರಿನ ಟಿಕೆಟ್ ಕೊಡಿಸಿಕೊಂಡಿದ್ದ. ಹೊಟ್ಟೆಯೊಳಗಿಂದ ನಗು ಉಕ್ಕಿತು. ಮಗನನ್ನು ಕಳೆದುಕೊಂಡ ತಾಯಿ ಎದುರು ಕೂತಿದ್ದಾರೆ, ನಗಬಾರದು, ನಗಬಾರದು ಎಂದುಕೊಂಡಳು. ತುಟಿ ಕಚ್ಚಿದಳು. ಆಗಲಿಲ್ಲ. ಫಕ್ಕನೆ ನಕ್ಕುಬಿಟ್ಟಳು.

ಸೀತಮ್ಮನ ಮುಖ ಸುಟ್ಟಂತಾಯಿತು. ಚೀಲ ಎತ್ತಿಕೊಂಡು ಎದ್ದರು. "ನಗು ಬರುತ್ತಾ ನಿಂಗೆ?"

"ಅಮ್ಮಾ, ಅಮ್ಮಾ, ಕೂತ್ಕೊಳ್ಳಿ. ದಮ್ಮಯ್ಯ." ಸತ್ಯಭಾಮಾ ಅವರ ಎರಡೂ ಕೈ ಹಿಡಿದುಕೊಂಡಳು. ಇನ್ನು ಭಾಷೆ ಉಳಿಸಿಕೊಂಡರೆ ಈ ಹೆಂಗಸು ಈ ನಗುವನ್ನು ಸಾಯುವವರೆಗೂ ಹೊತ್ತುಕೊಂಡಿರುತ್ತಾರೆ. ಹೇಳಿಬಿಟ್ಟಳು. ಸಂಡಿಗೆ ತಿಂದದ್ದು, ಒಂಬತ್ತು ಜಾತಕದ ವಿಷಯ, ಸ್ಥಿರ ಬುದ್ಧಿ ಇಲ್ಲವೆನ್ನಲು ಅವನೇ ಹೇಳಿಕೊಟ್ಟದ್ದು, ಅಮ್ಮನಿಗೆ ತಿಳಿಯಬಾರದೆಂದದ್ದು, ಒಂದನ್ನೂ ಬಿಡಲಿಲ್ಲ. "ಎಂಟು ದಿನ ಊಟ ಬಿಟ್ಟಿದ್ದು ನಂಗೂ ಈಗ್ಲೇ ಗೊತ್ತಾಗಿದ್ದಮ್ಮ. ಅದು ನಾಟಕ."

ಸೀತಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೂತರು. ಬೈಯುತ್ತಾರೇನೋ ಎಂದು ಸತ್ಯಭಾಮಾ ಕಾದಳು. ಅವರು ಬೈಯಲಿಲ್ಲ.

"ತಪ್ಪೆಲ್ಲ ನಿನ್ನ ಮೇಲೆ ಯಾಕೆ ಹಾಕಿದೆ ಗೊತ್ತಾ?" ಎಂದರು. "ಅವರಪ್ಪ 'ನಾನೇ ಬಸ್ ಹತ್ತಿಸಿದೆ, ನಾನೇ ಕಳಿಸಿದೆ' ಅಂತ ಕೂತುಬಿಟ್ಟಿದಾರೆ. ವರ್ಷ ಆಯ್ತು, ಬೇಕು ಬೇಡ ಅನ್ನೋದು ಬಿಟ್ರೆ ಮಾತಿಲ್ಲ. ನೀವಲ್ಲ, ಆ ಹುಡುಗಿ ಅಂತ ನಾನು ಅವರಿಗೆ ದಿನಾ ಹೇಳ್ಬೇಕಾಗ್ತಿತ್ತು. ಹೇಳಿ ಹೇಳಿ ನಾನೂ ನಂಬಿಬಿಟ್ಟೆ."

ಚೀಲದಿಂದ ಫೋನ್ ತೆಗೆದು, ಮನೆಗೆ ಹಚ್ಚಿ, ಸ್ಪೀಕರಿಗೆ ಹಾಕಿದರು. "ಹೂಂ" ಎಂದಿತು ಆ ಕಡೆಯ ದನಿ.

"ರೀ, ಆವಾಗ ಜನಾರ್ದನ ಊಟ ಬಿಟ್ಟು ಮಲಗಿದ್ನಲ್ಲ, ಅದೇ ವಾರ ಚಕ್ಕುಲಿ ಡಬ್ಬಿ ಖಾಲಿಯಾಗಿತ್ತು, ನೆನಪಿದ್ಯಾ?"

"ಇಲಿ."

"ಇಲಿ ಅಲ್ಲ ಕಣ್ರೀ. ನಿಮ್ಮ ಮಗ." ಸೀತಮ್ಮ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. "ಬೆಂಗಳೂರಿಗೆ ನೀವು ಕಳಿಸಿದ್ದಲ್ಲ, ತಿಳೀತಾ? ಅವನೇ ಹೋಗಿದ್ದು. ನಮ್ಮಿಬ್ಬರನ್ನೂ ಕೂರಿಸ್ಕೊಂಡು ಎಂಟು ದಿನ ನಾಟಕ ಆಡಿ ಹೋಗಿದ್ದು."

ಫೋನ್ ಕಟ್ ಆಯಿತೇನೋ ಎಂದು ಸೀತಮ್ಮ ಅದನ್ನೆತ್ತಿ ನೋಡಿದರು.

"ನಾನು ಬೋನಿಗೆ ಕೊಬ್ಬರಿ ಚೂರು ಕಟ್ಟಿಟ್ಟಿದ್ದೆ" ಎಂದರು ಮೇಷ್ಟ್ರು ನಿಧಾನವಾಗಿ. "ಬೆಳಿಗ್ಗೆ ನೋಡಿದ್ರೆ ಕೊಬ್ಬರಿ ಇಲ್ಲ. ಇಲಿಯೂ ಇಲ್ಲ."

"ಅದನ್ನೂ ಅವನೇ ತಿಂದಿರ್ಬೇಕು."

ಮೊದಲು ಕೆಮ್ಮಿನಂಥ ಸದ್ದು ಬಂತು. ಅದು ನಗುವೆಂದು ತಿಳಿಯಲು ಸತ್ಯಭಾಮಾಗೆ ಸ್ವಲ್ಪ ಹೊತ್ತು ಬೇಕಾಯಿತು. ಮೇಷ್ಟ್ರು ಬಿಟ್ಟು ಬಿಟ್ಟು ನಗುತ್ತಿದ್ದರು, ನಡುನಡುವೆ "ಕಳ್ಳ, ಕಳ್ಳ ನನ್ನ ಮಗ" ಎನ್ನುತ್ತಿದ್ದರು. ಸೀತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅದನ್ನು ಕೇಳಿದರು. ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಹೇಳಿ ಫೋನ್ ಇಟ್ಟ ಮೇಲೆ, ಕಣ್ಣೊರೆಸಿಕೊಂಡು ಸತ್ಯಭಾಮಾಳ ಕಡೆ ತಿರುಗಿದರು.

"ಅವನಿಗೆ ಎಂಟು ದಿನ ಆ ವೇಷ ಹಾಕ್ಕೊಂಡಿರೋಕೆ ಚಕ್ಕುಲಿ ಬೇಕಾಯ್ತು. ನೀನು ಹನ್ನೆರಡು ವರ್ಷ ಹೇಗೆ ಸುಮ್ಮನಿದ್ಯೇ?" ಅವಳ ಗಲ್ಲ ಹಿಡಿದೆತ್ತಿದರು. "ನಿಜ ಹೇಳು. ನಿಂಗೆ ಅವನು ಇಷ್ಟ ಆಗಿದ್ನಾ?"

ವಿಷ್ಣುಪ್ರಸಾದ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ. ಸತ್ಯಭಾಮಾ ಅವನನ್ನು ನೋಡಿದಳು. ಇಷ್ಟು ದೂರ ಬಂದ ಮೇಲೆ ಇನ್ನೊಂದು ಸುಳ್ಳು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ.

"ಹೂಂ ಅಮ್ಮ. ಆಗಿದ್ರು."

ಹೇಳಿದ್ದೇ ತಡ, ಅಳು ಬಂತು. ಒಂದು ವರ್ಷದ ಹಿಂದೆ ಪುಸ್ತಕಗಳಿಗೆ ನಂಬರ್ ಅಂಟಿಸುತ್ತ ಅಳದೇ ಬಿಟ್ಟಿದ್ದ ಅಳು. ಮೂಗು ಸೋರುವಂತೆ, ಮಕ್ಕಳಂತೆ ಅತ್ತಳು. ಸೀತಮ್ಮ ಅವಳ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. "ಅಳು ಮಗಾ. ಅವನಿಗೆ ಹೆಂಡ್ತಿ ಇರ್ಲಿಲ್ಲ, ಮಕ್ಕಳಿರ್ಲಿಲ್ಲ. ನಾವಿಬ್ರೇ ಅತ್ತಿದ್ದು" ಎಂದರು.

ವಿಷ್ಣುಪ್ರಸಾದ ತಟ್ಟೆಯನ್ನು ಟೀಪಾಯಿ ಮೇಲಿಟ್ಟ. ಏನೂ ಕೇಳದೆ ಹೆಂಡತಿಯ ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಕೈಯಿಟ್ಟ.