ಕೆಂಪು ಪರದೆಯ ಚೀಲ

ವ್ಯಾನಿನ ಹಿಂಬದಿಯ ಕೆಸರು ತೊಳೆಯಲೆಂದು ಟಾರ್ಪಾಲನ್ನು ಎಳೆದಾಗ ಅದರ ಮಡಿಕೆಯೊಳಗಿಂದ ಕೆಂಪು ಚೀಲವೊಂದು ಉರುಳಿ ಬಿತ್ತು. ಟೈಲರಮ್ಮ ಪೊರಕೆ ಹಿಡಿದುಕೊಂಡು ನಿಂತಲ್ಲೇ ನಿಂತಳು.

"ಒಂದು ಉಳೀತಲ್ಲಕ್ಕಾ," ಅಂದ ಡ್ರೈವರ್, ಚರ್ಚಿನ ಅಂಗಳದ ನಲ್ಲಿಗೆ ಪೈಪು ಸಿಕ್ಕಿಸುತ್ತಾ. "ಜಾಸ್ತಿ ಹೊಲಿದುಬಿಟ್ರೇನೋ."

ಜಾಸ್ತಿ ಹೊಲಿದಿರಲಿಲ್ಲ. ನೆರೆ ನುಗ್ಗಿ ಹೊಳೆಯಾಚೆ ಮನೆ ಕಳೆದುಕೊಂಡವರು ನಲವತ್ತು ಸಂಸಾರ, ಅವಳು ಹೊಲಿದದ್ದೂ ನಲವತ್ತೇ ಚೀಲ. ಮೂವತ್ತೊಂಬತ್ತು ಗೋಣಿಯವು. ಕೊನೆಯದಕ್ಕೆ ಗೋಣಿ ಸಾಲದೆ ಚರ್ಚಿನ ಹಳೆಯ ಕೆಂಪು ಪರದೆಯನ್ನು ಕತ್ತರಿಸಿದ್ದಳು. ಪರದೆ ಬಟ್ಟೆ ಅಂದಮೇಲೆ ಕೈ ಸುಮ್ಮನಿದ್ದೀತೇ, ಅಂಚಿಗೆ ಬಿಳಿ ದಾರದಲ್ಲಿ ಹೂವು ಬೇರೆ ಹಾಕಿದ್ದಳು. ಒಳಗಿದ್ದದ್ದು ಮಾತ್ರ ಎಲ್ಲ ಚೀಲದಲ್ಲಿದ್ದಂತೆಯೇ: ಹಿಟ್ಟು, ಎಣ್ಣೆ, ಸೋಪು, ಮೇಣದಬತ್ತಿ, ಒಂದು ಕಂಬಳಿ, ಒಂದು ಡಬ್ಬಿ ಹಾಲಿನ ಪುಡಿ.

ದಾನ ಕೊಟ್ಟವರಿಗೆ ತೋರಿಸಲು ಪ್ರತಿ ಮನೆಯವರದೂ ಒಂದು ಫೋಟೋ ಬೇಕೆಂದು ಫಾದರ್ ಹೇಳಿದ್ದರು. ಅದಕ್ಕೆಂದೇ ಸ್ಟುಡಿಯೋದವನು ಜೊತೆಗೆ ಬಂದಿದ್ದ. "ಗೋಣಿ ಚೀಲ ಫೋಟೋದಲ್ಲಿ ಮಣ್ಣಿನ ಹೆಂಟೆ ಥರ ಕಾಣುತ್ತೆ ಕಣಪ್ಪಾ, ಇದನ್ನ ಹಿಡಿಸು," ಎಂದು ಕೆಂಪು ಚೀಲವನ್ನು ಅವನ ಮುಂದೆ ಹಿಡಿದವಳು ಟೈಲರಮ್ಮನೇ. ಅಲ್ಲಿಂದ ಶುರುವಾಯಿತು. ನೆರೆ ಸಂತ್ರಸ್ತರಿದ್ದ ಶಾಲೆಯ ಗೋಡೆಯ ಮುಂದೆ ಒಬ್ಬರು ಬಂದು ನಿಲ್ಲುವುದು, ಅವಳು ಕೆಂಪು ಚೀಲ ಅವರ ಕೈಗಿಡುವುದು, ಅವನು ಕ್ಲಿಕ್ಕಿಸುವುದು, ಅವಳು ಅದನ್ನು ವಾಪಸ್ ಇಸಿದುಕೊಂಡು ಗೋಣಿ ಚೀಲ ಕೊಡುವುದು, ಪಟ್ಟಿಯಲ್ಲಿ ಒಂದು ಗೀಟು ಎಳೆಯುವುದು. ಹೀಗೆ ಮೂವತ್ತೊಂಬತ್ತು ಸಲ. ಮಿಷಿನ್ ತುಳಿಯುವ ಕಾಲಿನಂತೆ ಕೈ ತಾನಾಗಿಯೇ ಹೋಗಿ ಬರುತ್ತಿತ್ತು.

ಕೊನೆಗೆ ಬಂದವಳು ತಲೆಗೆ ಹಸಿರು ಟವೆಲ್ಲು ಸುತ್ತಿದ್ದ ಹೆಂಗಸು. ಕಂಕುಳಲ್ಲಿದ್ದ ಕೂಸನ್ನು ಕೆಳಗೆ ಕೂರಿಸಿ ಎರಡೂ ಕೈ ಚಾಚಿದಳು. ಗೋಣಿ ಚೀಲಗಳೆಲ್ಲ ಮುಗಿದಿದ್ದವು, ಕೆಂಪು ಚೀಲವೇ ಅವಳದು. ಕ್ಲಿಕ್ಕಾಯಿತು. ಟೈಲರಮ್ಮನ ಕೈ ರೂಢಿಯಂತೆ ಚೀಲವನ್ನು ಇಸಿದುಕೊಂಡಿತು. ಅಷ್ಟರಲ್ಲಿ, "ಸೇತುವೆ ಮೇಲೆ ನೀರು ಹತ್ತುತ್ತಿದೆ, ಬನ್ನಿ ಬನ್ನಿ!" ಎಂದು ಡ್ರೈವರ್ ಹಾರನ್ ಒತ್ತತೊಡಗಿದ್ದ. ಅವಳು ಗಡಿಬಿಡಿಯಲ್ಲೂ ಮರೆಯದೆ ಗೀಟು ಎಳೆದು ವ್ಯಾನು ಹತ್ತಿದ್ದಳು.

ವ್ಯಾನು ತಿರುಗುವಾಗ ಹಿಂದಿನ ಗಾಜಿನಲ್ಲಿ ಆ ಹೆಂಗಸು ಕಂಡಿದ್ದಳು. ಕೈ ಚಾಚಿಕೊಂಡೇ ನಾಲ್ಕು ಹೆಜ್ಜೆ ಹಿಂದೆ ಬಂದಿದ್ದಳು.

"ನೋಡು ಪಾಪ, ಕಳಿಸಿಕೊಡೋಕೆ ಬರ್ತಿದ್ದಾಳೆ," ಎಂದು ಟೈಲರಮ್ಮ ಅವಳತ್ತ ಕೈ ಬೀಸಿದ್ದಳು.

ಈಗ ಆ ಕೈಯಲ್ಲಿ ಪೊರಕೆಯಿತ್ತು. "ಹೌದೇನೋ, ಜಾಸ್ತಿ ಹೊಲಿದಿರಬೇಕು," ಅಂದಳು ಡ್ರೈವರಿಗೆ. ಚೀಲವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಹೊಲಿಗೆ ಮಿಷಿನ್ನಿನ ಕೆಳಗಿಟ್ಟಳು.

ಭಾನುವಾರ ಚರ್ಚಿನ ಬಾಗಿಲ ಪಕ್ಕದ ಹಲಗೆಯಲ್ಲಿ ಫೋಟೋಗಳನ್ನು ಅಂಟಿಸಿದ್ದರು. ನಡುವೆ ದೊಡ್ಡದಾಗಿ ಹಾಕಿದ್ದು ಆ ಕೊನೆಯದನ್ನೇ. ಅದರಲ್ಲಿ ಟೈಲರಮ್ಮ ಕ್ಯಾಮೆರಾ ನೋಡಿ ನಗುತ್ತಿದ್ದಳು. ಹಸಿರು ಟವೆಲ್ಲಿನವಳು ಚೀಲವನ್ನು ನೋಡುತ್ತಿದ್ದಳು.

"ಏನು ಟೈಲರಮ್ಮ, ಸಿನಿಮಾದವರ ಥರ ಬಂದಿದ್ದೀರಲ್ಲ!" ಎಂದು ಯಾರೋ ಭುಜ ತಟ್ಟಿದರು. ಪ್ರಾರ್ಥನೆ ಮುಗಿದ ಮೇಲೆ ಅವಳು ಜನ ಕರಗುವವರೆಗೆ ಕಾದು ಫಾದರ್ ಹತ್ತಿರ ಹೋದಳು.

"ಫಾದರ್, ಆ ಫೋಟೋದಲ್ಲಿರೋ ಚೀಲ..."

"ಗೊತ್ತಮ್ಮಾ ಗೊತ್ತು, ನಿಮ್ಮದೇ ಹೊಲಿಗೆ. ಎಲ್ಲರಿಗೂ ಹೇಳಿದ್ದೀನಿ. ಆ ಫೋಟೋನ ಬೇರೆ ಸಂಘದವರಿಗೂ ಕಳಿಸಿದ್ದೀನಿ, ನೋಡಿ ಕಲೀಲಿ ಅಂತ."

ಅವಳು ಬಾಯಿ ತೆರೆದಳು. "ಥ್ಯಾಂಕ್ಸ್ ಫಾದರ್," ಅನ್ನುವ ಮಾತು ಹೊರಗೆ ಬಂತು.

ಮನೆಯಲ್ಲಿ ಅತ್ತೆ ಕಿಟಕಿಯ ಬಳಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಆರಿಸುತ್ತಿದ್ದರು. "ಈ ಗಂಟು ಯಾಕೇ ನಾಲ್ಕು ದಿನದಿಂದ ಮಿಷಿನ್ ಕೆಳಗೆ ಕಾವಿಗೆ ಕೂತಿದೆ? ಮೊಟ್ಟೆ ಇಟ್ಟಿದೆಯಾ?"

ಟೈಲರಮ್ಮ ನೆಲಕ್ಕೆ ಕೂತು ಹೇಳಿದಳು, ಕೈ ಬೀಸಿದ್ದನ್ನೂ ಬಿಡದೆ. ಅತ್ತೆ ಒಂದೊಂದೇ ಗುಂಡಿಯನ್ನು ಡಬ್ಬಿಗೆ ಹಾಕುತ್ತಾ ಕೇಳಿದರು.

"ಅವಳು ಒಂದು ಕೂಗು ಹಾಕಬಹುದಿತ್ತಲ್ಲ ಅತ್ತೆ."

"ನೀನು ಒಂದು ಸಲ ಅವಳ ಮುಖ ನೋಡಬಹುದಿತ್ತಲ್ಲ."

"ಮುಂದಿನ ತಿಂಗಳು ವ್ಯಾನು ಮತ್ತೆ ಹೋಗುತ್ತಂತೆ, ಆಗ..."

"ಕೂಸಿಗೆ ಹೇಳಿ ಕಳಿಸು, ಹಸಿವನ್ನ ಮುಂದಿನ ತಿಂಗಳಿಗೆ ಇಟ್ಕೋ ಅಂತ." ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತ ಜನ ಹಣೆಬರಹಕ್ಕೆ ಬೈತಾರೆ. ಇಲ್ಲಿ ಹಣೆಬರಹ ಏನೂ ಮಾಡಿಲ್ಲ ಕಣೇ."

ಸೋಮವಾರ ಬೆಳಿಗ್ಗೆ ಅವಳು ಮೊದಲ ಬಸ್ಸು ಹಿಡಿದಳು. ಸೇತುವೆಯ ಕಂಬಿ ಕಿತ್ತುಹೋಗಿದ್ದರಿಂದ ಬಸ್ಸು ಈಚೆಯೇ ನಿಂತಿತು. ಚೀಲ ತಲೆಯ ಮೇಲಿಟ್ಟುಕೊಂಡು ಕೆಸರಿನಲ್ಲಿ ನಡೆದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು.

ಶಾಲೆಯ ಅಂಗಳದಲ್ಲಿ ಹಸಿರು ಟವೆಲ್ಲಿನವಳು ಚಾಪೆಗೆ ಹತ್ತಿದ ಮಣ್ಣು ಉಜ್ಜುತ್ತಿದ್ದಳು. ಕೂಸು ಮಗ್ಗುಲಲ್ಲಿ ಕೂತು ಖಾಲಿ ಚಮಚ ಚೀಪುತ್ತಿತ್ತು. ಟೈಲರಮ್ಮನನ್ನು ಕಂಡು ಅವಳು ಎದ್ದು ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಟೈಲರಮ್ಮನಿಗೆ.

"ತಪ್ಪಾಯ್ತು ಕಣಮ್ಮಾ. ಅವತ್ತು ಒಂದು ಸಲ ಕೂಗಬಾರದಿತ್ತಾ?"

"ಎಲ್ಲರ ಹತ್ರಾನೂ ಕೆಂಪುದನ್ನ ಇಸ್ಕೊಂಡು ಬೇರೆದು ಕೊಡ್ತಿದ್ರಲ್ಲಕ್ಕಾ. ನಂಗೂ ಬೇರೆದು ಬರುತ್ತೆ ಅಂತ ನಿಂತಿದ್ದೆ." ಅವಳು ಕೈಯ ಮಣ್ಣನ್ನು ಬಟ್ಟೆಗೆ ಒರೆಸಿಕೊಂಡಳು. "ನಿನ್ನೆ ಸಾಯಂಕಾಲ ಬೇರೆ ಸಂಘದವರು ಹಾಲಿನ ಪುಡಿ ತಂದಿದ್ರು. ನಿಂಗೆ ಸಿಕ್ಕಿದೆಯಲ್ಲಮ್ಮ ಅಂತ ಫೋನಿನಲ್ಲಿ ಫೋಟೋ ತೋರಿಸಿದ್ರು. ನೋಡಿದ್ರೆ ನಂದೇ ಫೋಟೋ. ಏನಂತ ಹೇಳೋದು?"

ಟೈಲರಮ್ಮ ಸುತ್ತಿದ್ದ ಪೇಪರು ಬಿಚ್ಚಿದಳು. ಚೀಲವನ್ನು ಮುಂದೆ ಹಿಡಿದಳು. "ತಗೋಮ್ಮಾ."

"ಒಂದು ನಿಮಿಷ ಇರಿ ಅಕ್ಕಾ."

ಅವಳು ಕೂಸನ್ನು ಎತ್ತಿಕೊಂಡು ಒಳಗೆ ಓಡಿದಳು. ಬಂದಾಗ ಇಬ್ಬರ ಮುಖವೂ ತೊಳೆದಿತ್ತು. ಟವೆಲ್ಲು ತೆಗೆದು ಕೂದಲು ಬಾಚಿದ್ದಳು. ಹೋಗಿ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತು, ಕೂಸನ್ನು ಕಾಲ ಬಳಿ ಕೂರಿಸಿ, ಎರಡೂ ಕೈ ಚಾಚಿದಳು. ಟೈಲರಮ್ಮನ ಹೆಗಲ ಮೇಲಿಂದ ದಾರಿಯತ್ತ ನೋಡಿದಳು.

"ಅವರೆಲ್ಲಿ ಅಕ್ಕಾ, ಫೋಟೋದವರು?"

"ಯಾರೂ ಬಂದಿಲ್ಲ. ನಾನೊಬ್ಬಳೇ."

ಟೈಲರಮ್ಮ ಚೀಲವನ್ನು ಅವಳ ಅಂಗೈಗಳ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೂಸು ಚೀಲದ ಅಂಚಿನ ಬಿಳಿ ಹೂವಿಗೆ ಕೈ ಎತ್ತುತ್ತಿತ್ತು. ಅದರ ತಾಯಿ ಭಾರಕ್ಕೆ ಮೊಣಕೈ ಜಗ್ಗುತ್ತಿದ್ದರೂ ಬೆರಳುಗಳನ್ನು ಇನ್ನೂ ಮಡಚಿರಲಿಲ್ಲ.