ಉಪ್ಪು ನೋಡುವ ಕೆಲಸ

ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಒಂದು ಕಟ್ಟಳೆ ಇದೆ. ಸೂಪಿನ ಹಂಡೆ ಎಷ್ಟೇ ಕುದಿದಿರಲಿ, ನಾನು ಎಡ ಅಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, "ಹೊರಡಲಿ" ಅನ್ನುವ ತನಕ ವಾರ್ಡಿಗೆ ಹೋಗುವ ಬಂಡಿ ಅಲ್ಲಾಡುವ ಹಾಗಿಲ್ಲ. ಇಪ್ಪತ್ತಾರು ವರ್ಷದಿಂದ ಆ ಮಾತು ನನ್ನದೇ. ಮನೆಯಲ್ಲಿ ನನ್ನ ಮಾತನ್ನು ಗಂಡನೂ ಕೇಳಿದವನಲ್ಲ, ಮಕ್ಕಳೂ ಕೇಳಿದವರಲ್ಲ. ಇಲ್ಲಿ ಮುನ್ನೂರು ರೋಗಿಗಳು ನನ್ನ ನಾಲಿಗೆಯನ್ನು ನಂಬಿ ಉಣ್ಣುತ್ತಾರೆ. ಅಷ್ಟು ಸಾಕಿತ್ತು ನನಗೆ.

ಮೊನ್ನೆ "ಹೊರಡಲಿ" ಅಂದು ಹೊರಗೆ ಹೋದವಳು, ಕನ್ನಡಕ ಮರೆತೆನೆಂದು ವಾಪಸು ಬಂದೆ. ನನ್ನ ತಂಗಿ ಮಗಳು ಹಂಡೆಗೆ ಚಮಚ ಅದ್ದಿ ರುಚಿ ನೋಡುತ್ತಿದ್ದಳು. ಬಂಡಿಯವನು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವಳು ತಲೆಯಾಡಿಸಿದ ಮೇಲೆಯೇ ಬಂಡಿ ಹೊರಟಿದ್ದು. ಅಬ್ಬಾ ಇವಳೇ! ಈರುಳ್ಳಿ ಹೆಚ್ಚಲೂ ಬಾರದಿದ್ದವಳನ್ನು ಕೈಹಿಡಿದು ಕರೆತಂದು ಇಲ್ಲಿ ಸೇರಿಸಿದವಳು ನಾನು. ಮೈಯೆಲ್ಲ ಉರಿದುಹೋಯಿತು. ಆದರೂ ಕನ್ನಡಕವನ್ನೂ ತೆಗೆದುಕೊಳ್ಳದೆ ಹಾಗೇ ಹೊರಟುಬಂದೆ.

ಮರುದಿನ ಬೇಕೆಂದೇ ಹಂಡೆಗೆ ಒಂದು ಹರಳು ಉಪ್ಪೂ ಹಾಕಲಿಲ್ಲ. ನೆಕ್ಕಿದೆ, "ಹೊರಡಲಿ" ಅಂದೆ, ಬಾಗಿಲ ಮರೆಗೆ ನಿಂತೆ. ಅವಳು ರುಚಿ ನೋಡಿದಳು. ಮುಖ ಕಿವುಚಲಿಲ್ಲ, ಯಾರನ್ನೂ ಕರೆಯಲಿಲ್ಲ. ಡಬ್ಬಿಯಿಂದ ಉಪ್ಪು ತೆಗೆದು ಸುರಿದು ತಿರುವಿದಳು. ಪಾತ್ರೆ ತೊಳೆಯುವಾಕೆ ನಿಟ್ಟುಸಿರುಬಿಟ್ಟು, "ಪಾಪ," ಅಂದಳು.

ಆ 'ಪಾಪ' ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ನನಗಿನ್ನೂ ಐವತ್ತೆಂಟು, ಅದೂ ಒಂದು ವಯಸ್ಸೇ? ಒಳಗೆ ನುಗ್ಗಿದೆ.

"ಎಷ್ಟು ದಿನದಿಂದ ನಡೀತಿದೆ ಕಣೇ ಇದು?"

"ಆರು ತಿಂಗಳಾಯ್ತು ದೊಡ್ಡಮ್ಮ. ಅವತ್ತೊಂದಿನ ಉಪ್ಪು ಜಾಸ್ತಿ ಆಗಿತ್ತಲ್ಲ..."

"ನೆಗಡಿ ಆಗಿತ್ತು ಕಣೇ ಅವತ್ತು! ಆಮೇಲೆ ಒಂದೇ ಒಂದು ದಿನ ತಪ್ಪಿದೀನಾ, ಹೇಳು."

"ಇಲ್ಲ. ಇವತ್ತೇ..."

"ಇವತ್ತು ಬೇಕಂತಲೇ ಹಾಕಿಲ್ಲ! ನಿನ್ನ ಕಳ್ಳಾಟ ಹಿಡಿಯೋಕೆ!"

ಅವಳು ನನ್ನ ಭುಜ ಸವರಿದಳು. "ಆಯ್ತು ದೊಡ್ಡಮ್ಮ, ಬೇಕಂತಲೇ ಹಾಕಿಲ್ಲ. ಬಿಡಿ, ಸ್ವಲ್ಪ ಕೂತ್ಕೊಳ್ಳಿ."

ಹಟ ಹಿಡಿದ ಮಗುವಿಗೆ ಹೂಂಗುಟ್ಟುವ ದನಿ ಅದು. ನಾನು ಹಾಕಿದ ಬಲೆಗೆ ನಾನೇ ಬಿದ್ದಿದ್ದೆ.

"ನಾಲ್ಕು ಬಟ್ಟಲು ಬಿಸಿನೀರು ತನ್ನಿ," ಎಂದು ಕೂಗಿದೆ. "ಒಂದಕ್ಕೆ ಮಾತ್ರ ಚಿಟಿಕೆ ಉಪ್ಪು ಹಾಕಿ. ಯಾವುದು ಅಂತ ನಾನು ನೆಕ್ಕಿ ಹೇಳದೆ ಹೋದ್ರೆ ಇವತ್ತೇ ಕೆಲಸ ಬಿಡ್ತೀನಿ, ಮತ್ತೆ ಈ ಕಡೆ ತಲೆ ಹಾಕಲ್ಲ."

ಗೋಡೆಗೆ ಮುಖ ಮಾಡಿ ನಿಂತೆ. ಗಲಾಟೆ ಕೇಳಿ ಅಡುಗೆಮನೆಯ ಮೇಲ್ವಿಚಾರಕರೂ ಬಂದರು. ಅವರು ಕರೆದಾಗ ತಿರುಗಿ ಮೊದಲನೆಯದನ್ನು ನೆಕ್ಕಿದೆ, ಎರಡನೆಯದನ್ನು ನೆಕ್ಕಿದೆ. ಎರಡೂ ಸಪ್ಪೆ. ಮೂರನೆಯದರ ಹನಿ ನಾಲಿಗೆಗೆ ತಾಗಿದ್ದೇ ತಡ, "ಇದು!" ಅಂದೆ. ನಾಲ್ಕನೆಯದನ್ನು ಮುಟ್ಟಲೂ ಇಲ್ಲ.

ಸರಿಯಾಗಿಯೇ ಹೇಳಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಪಾತ್ರೆ ತೊಳೆಯುವಾಕೆ ನನ್ನ ಗಲ್ಲ ಹಿಡಿದು, "ನೋಡಿ, ಎಷ್ಟು ಚೆನ್ನಾಗಿ ಹೇಳಿಬಿಟ್ರು!" ಅಂದಳು. ಮೇಲ್ವಿಚಾರಕರು, "ಈ ವಯಸ್ಸಲ್ಲೂ! ಭೇಷ್, ಭೇಷ್," ಅಂದರು. ಇಪ್ಪತ್ತಾರು ವರ್ಷ ಸರಿಯಾಗಿ ಹೇಳಿದ್ದೇನೆ, ಒಬ್ಬರೂ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ.

"ಸರಿ, ಹೊರಡಲಿ," ಅಂದೆ.

ಬಂಡಿಯವನು ನನ್ನ ತಂಗಿ ಮಗಳ ಕಡೆ ತಿರುಗಿ ಕೇಳಿದ: "ಅಕ್ಕಾ, ಹೊರಡ್ಲಾ?"