ಬಲಗಡೆಯ ಕಿಟಕಿಯ ಕಾಗದ

ಒಂದೂರಿನಲ್ಲಿ ಒಂದು ಹಸಿರು ಕಾರು, ಅದರ ಬಲಗಡೆಯ ಕಿಟಕಿಯ ಹಿಂದೆ ಒಬ್ಬ ರಾಣಿ. ಐವತ್ತೊಂದು ವರ್ಷವಾದರೂ ಆ ಕಿಟಕಿಯಿಂದ ರಾಣಿಗೆ ಸರೋವರ ಕಂಡಿರಲಿಲ್ಲವಂತೆ. ಊರು ಒಹಾಯೋದಲ್ಲಿ, ಸರೋವರ ಈರೀ, ರಾಣಿ ಅರ್ಡಿಸ್. ಅಡ್ಡ ನಿಂತ ರಾಕ್ಷಸ ಒಂದು ಹಾಳೆ ಕಾಗದ.

ಕಾರ್ಖಾನೆಯವರು ಗಾಜಿಗೆ ಅಂಟಿಸಿ ಕಳಿಸಿದ ಕಾಗದ ಅದು. ರೇಡಿಯೋ ಇಷ್ಟು, ಹೀಟರ್ ಇಷ್ಟು ಎಂದು ಕಾರಿನ ಜಾತಕವೆಲ್ಲ ಅದರಲ್ಲಿತ್ತು. ಕೊಂಡವರ ಹೊರತು ಬೇರೆ ಯಾರೂ ಅದನ್ನು ಕೀಳುವಂತಿಲ್ಲ ಎಂಬುದು ಕಾನೂನು. ಎಲ್ಲರೂ ಕಾರು ಮನೆಗೆ ಬಂದ ದಿನವೇ ಕಿತ್ತು ಎಸೆಯುತ್ತಾರೆ. ಅರ್ಡಿಸಳ ಗಂಡ ವೆಂಡೆಲ್ ಮಾತ್ರ, "ನಾಳೆ ಕೀಳ್ತೀನಿ ಕಣೇ, ಆಣೆ" ಎಂದ. ಆ ನಾಳೆ ಬರಲೇ ಇಲ್ಲ. ಬಂದದ್ದು ಹಳೇ ಕಾರಿನ ಹುಚ್ಚರು. ಅವರ ಹಿಂದೆ, ಕಾಗದ ಹಾಗೇ ಉಳಿದ ಕಾರೆಂದು ಹನ್ನೊಂದು ಬಹುಮಾನಗಳು. ಕಾಗದ ಹರಿದೀತೆಂದು ಗಾಜನ್ನೂ ಇಳಿಸುವಂತಿರಲಿಲ್ಲ. ಸರೋವರದ ದಾರಿಯಲ್ಲಿ ಹೋಗುವಾಗ ಅರ್ಡಿಸಳಿಗೆ ಕಾಗದ ಅಡ್ಡ, ಬರುವಾಗ ಎಡಗಡೆ ಕೂತು ಕಾರು ಓಡಿಸುವ ವೆಂಡೆಲನ ಹೊಟ್ಟೆ ಅಡ್ಡ.

ಈ ಜುಲೈನಲ್ಲಿ ಸರೋವರದ ದಂಡೆಯ ಕಾರು ಮೇಳದಲ್ಲಿ ಅವಳು ಕಾರಿನಿಂದ ಇಳಿಯಲೇ ಇಲ್ಲ.

ತೀರ್ಪುಗಾರ ಮರ್ಲ್ ಗಾಜಿಗೆ ಮೂಗು ತಾಗಿಸಿ ನಿಂತ. "ಅಮ್ಮಾ, ಸ್ವಲ್ಪ ತಲೆ ಸರಿಸಿ. ಹಿಂದೆ ನೀವಿದ್ರೆ ಅಕ್ಷರ ಕಾಣಲ್ಲ."

"ಮುಂದೆ ಇದಿದ್ರೆ ನಂಗೆ ಲೋಕಾನೇ ಕಾಣಲ್ಲಪ್ಪ."

"ಅಸಲಿ ಕಾಗದ ಅಮ್ಮಾ! ನಕಲು ಎಷ್ಟು ಬೇಕಾದ್ರೂ ಸಿಗುತ್ತೆ. ಗಾಜಿನ ಮೇಲೇ ಉಳಿದಿರೋದು ಇನ್ನೆಲ್ಲಿದೆ?"

"ಸೀಟಿನ ಮೇಲೇ ಉಳಿದಿರೋ ಹೆಂಡ್ತೀನೂ ಅಸಲೀನೇ. ನಂಗೆ ಯಾರು ಬಹುಮಾನ ಕೊಟ್ರು?"

ಸುತ್ತಲಿನವರು ಗೊಳ್ಳೆಂದರು. ವೆಂಡೆಲ್ ಬೆವರು ಒರೆಸಿಕೊಂಡ. "ಅರ್ಡಿಸ್, ಮಾನ ಕಳೀಬೇಡ್ವೇ."

ಅವಳು ಕೈಚೀಲದಿಂದ ಕಾರಿನ ಪತ್ರ ತೆಗೆದು, ಬಾಗಿಲು ತುಸು ತೆರೆದು ಮರ್ಲ್‌ನ ಕೈಗಿಟ್ಟಳು. "ಓದಪ್ಪ, ಕೊಂಡವರು ಯಾರು?"

ಮರ್ಲ್ ಕನ್ನಡಕ ಏರಿಸಿ ಓದಿದ. ಅರ್ಡಿಸ್. ಶಾಲೆಯಲ್ಲಿ ಪಾಠ ಹೇಳಿ ಕೂಡಿಸಿದ ದುಡ್ಡಿನಲ್ಲಿ ಕೊಂಡ ಕಾರದು.

ವೆಂಡೆಲ್ ಕಿಟಕಿಯತ್ತ ಬಗ್ಗಿದ. "ಹಾಗಾದ್ರೆ ಯಾವತ್ತು ಬೇಕಾದ್ರೂ ನೀನೇ ಕೀಳಬಹುದಿತ್ತಲ್ಲೇ!"

"ಕೀಳಬಹುದಿತ್ತು. ಆದ್ರೆ ಆಣೆ ಇಟ್ಟೋನು ನೀನು. ಮುದುಕಿ ಆದೆ, ಇನ್ನೂ ಕಾಯ್ತಾ ಕೂತಿದೀನಿ."

ವೆಂಡೆಲ್ ಕಾಗದವನ್ನೊಮ್ಮೆ ನೋಡಿದ. ಅದರ ಹಿಂದಿನ ಬಿಳಿಗೂದಲನ್ನು ತುಸು ಹೊತ್ತು ನೋಡಿದ.

"ಯಾರ ಹತ್ರಾದ್ರೂ ಕೂದಲು ಒಣಗಿಸೋ ಯಂತ್ರ ಇದೆಯೇನ್ರೋ?"

"ಬೇಡ ವೆಂಡೆಲ್!" ಮರ್ಲ್‌ನ ದನಿ ಅಳುವಂತಿತ್ತು. ಆದರೂ ಯಂತ್ರ ಬಂತು, ಪಕ್ಕದ ತಿಂಡಿ ಅಂಗಡಿಯಿಂದ ಕರೆಂಟಿನ ತಂತಿಯೂ ಬಂತು. ಬಿಸಿಗಾಳಿಗೆ ಅಂಟು ಮೆತ್ತಗಾಯಿತು. ಅರ್ಡಿಸ್ ತಿಂಡಿಬುಟ್ಟಿಯಿಂದ ತೆಗೆದುಕೊಟ್ಟ ಕೇಕಿನ ಚಾಕು ವೆಂಡೆಲನ ಕೈಯಲ್ಲಿ ಮೂಲೆಯಿಂದ ಕೂದಲೆಳೆಯಷ್ಟೇ ಮುಂದೆ ಸರಿಯುತ್ತ ಹೋಯಿತು. ಮೇಳಕ್ಕೆ ಮೇಳವೇ ಕಾರಿನ ಸುತ್ತ ನೆರೆಯಿತು. ಕಡೆಯ ಮೂಲೆಯೂ ಬಿಟ್ಟುಕೊಂಡಾಗ ಮರ್ಲ್ ಆ ಇಡೀ ಹಾಳೆಯನ್ನು ಹಸುಗೂಸಿನಂತೆ ಎರಡೂ ಕೈಗಳಲ್ಲಿ ಹಿಡಿದುಕೊಂಡ.

ಅರ್ಡಿಸ್ ಹಿಡಿ ತಿರುಗಿಸಿದಳು. ಕಿರ್ರೆನ್ನುತ್ತ ಗಾಜು ಇಳಿಯಿತು, ಆಚೆ ಸರೋವರ.